ಕೊಪ್ಪಳದ ಹುಡುಗ ಯಾವ ತಂಡದವನು?

ಗಂಗಾವತಿಯಲ್ಲಿ ಬೆಳೆದ ಹುಡುಗನ ಜನನ ಪ್ರಮಾಣಪತ್ರದಲ್ಲಿ ಆದೋನಿ ಎಂದೋ, ಯಲಬುರ್ಗಾದ ಹುಡುಗಿಯದರಲ್ಲಿ ಗದಗ ಎಂದೋ ಇರುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಇಲ್ಲಿನ ರೂಢಿ. ಕುಬಸ ಮುಗಿಸಿ ಮಗಳನ್ನು ಕರೆದೊಯ್ದವರು ಕೂಸು ಕೈಗೆ ಬಂದು ಕೆಲವು ತಿಂಗಳಾದ ಮೇಲಷ್ಟೇ ಗಂಡನ ಮನೆಗೆ ಕಳಿಸುತ್ತಾರೆ. ಹೆರಿಗೆಯಾದ ಆಸ್ಪತ್ರೆ ಎಲ್ಲಿದೆಯೋ ಅಲ್ಲೇ ಜನನ ನೋಂದಣಿಯಾಗುತ್ತದೆ. ಗಡಿಯಾಚೆಗೆ ಹೆಣ್ಣು ಕೊಟ್ಟು ತರುವುದು ತಲೆಮಾರುಗಳಿಂದ ನಡೆದುಬಂದಿರುವ ಈ ಭಾಗದಲ್ಲಿ, ಹೀಗೆ ಎಷ್ಟೋ ಮಕ್ಕಳು ಕಾಗದದ ಮೇಲೆ ಒಂದು ರಾಜ್ಯದವರು, ಬದುಕಿನಲ್ಲಿ ಇನ್ನೊಂದು ರಾಜ್ಯದವರು. ಅದರಿಂದ ಯಾರಿಗೂ ತೊಂದರೆಯಿಲ್ಲ, ಆ ಮಗು ಚೆನ್ನಾಗಿ ಆಡತೊಡಗುವವರೆಗೆ.

ಚೆನ್ನಾಗಿ ಆಡುವ ಮಗುವಿಗೆ ಮೊದಲು ಎದುರಾಗುವ ಪ್ರಶ್ನೆ ಆಟದ್ದಲ್ಲ, ದಾಖಲೆಯದು. ನೀನು ಯಾವ ಶಾಲೆ, ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾವ ವಲಯ, ಯಾವ ರಾಜ್ಯ? ಶಾಲಾ ಕ್ರೀಡಾಕೂಟವಿರಲಿ, ದಸರಾ ಕ್ರೀಡಾಕೂಟವಿರಲಿ, ಮೆಟ್ಟಿಲುಗಳು ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ. ಕ್ರಿಕೆಟ್‌ನಲ್ಲಿ ಜಿಲ್ಲೆಯ ಬದಲು ವಲಯ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಕೊಪ್ಪಳ ರಾಯಚೂರು ವಲಯಕ್ಕೆ ಸೇರಿದೆ. ಪಕ್ಕದ ಗದಗ ಧಾರವಾಡ ವಲಯಕ್ಕೆ. ಯಲಬುರ್ಗಾ, ಕುಕನೂರಿನವರಿಗೆ ಗದಗ ಕೈಯಳತೆಯಲ್ಲಿದೆ, ರಾಯಚೂರು ಅರ್ಧ ದಿನದ ಹಾದಿ. ಆದರೂ ಸೆಲೆಕ್ಷನ್ನಿಗೆ ಹೋಗಬೇಕಾದದ್ದು ರಾಯಚೂರು ವಲಯದ ಕಡೆಗೇ. ಗೆರೆ ಎಳೆದ ಮೇಲೆ ಒಂದು ಕಡೆ ನಿಲ್ಲಲೇಬೇಕು, ಅದರ ಮೇಲೆ ಯಾರ ತಕರಾರೂ ಇಲ್ಲ. ತಕರಾರಿರುವುದು, ಮಗು ಗೆರೆಯ ಯಾವ ಕಡೆಯದು ಎಂದು ತೀರ್ಮಾನಿಸುವ ಅಳತೆಗೋಲಿನ ಬಗ್ಗೆ.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಜಗ್ಗಾಡಿದವರು ಆಸ್ಟ್ರೇಲಿಯದ ರಗ್ಬಿ ಲೀಗ್‌ನವರು. ತಂಡಕ್ಕೆ ಹದಿಮೂರು ಜನ ಆಡುವ ಈ ಆಟ ನಮ್ಮಲ್ಲಿ ಹೆಸರಿಗಷ್ಟೇ ಇದೆ, ಆದರೆ ಅದರ ಒಂದು ನಿಯಮದ ಕಥೆ ಕೊಪ್ಪಳದವರಿಗೆ ಪರಿಚಿತವೆನಿಸುತ್ತದೆ. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ಎಂಬ ಎರಡು ರಾಜ್ಯಗಳ ನಡುವೆ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಪಂದ್ಯ ನಡೆಯುತ್ತಿತ್ತು. ಆಟಗಾರ ಯಾವ ರಾಜ್ಯದ ಕ್ಲಬ್‌ಗೆ ಆಡುತ್ತಾನೋ ಆ ರಾಜ್ಯದವನು ಎಂಬುದು ಆಗಿನ ನಿಯಮ. ಹಣವಿದ್ದ ಕ್ಲಬ್‌ಗಳೆಲ್ಲ ಸಿಡ್ನಿಯಲ್ಲಿ. ಕ್ವೀನ್ಸ್‌ಲ್ಯಾಂಡಿನ ಹಳ್ಳಿ-ಪಟ್ಟಣಗಳಲ್ಲಿ ಬೆಳೆದ ಒಳ್ಳೆಯ ಆಟಗಾರರು ಸಿಡ್ನಿ ಸೇರಿ, ತಮ್ಮೂರಿನ ವಿರುದ್ಧವೇ ನ್ಯೂ ಸೌತ್ ವೇಲ್ಸ್‌ನ ಅಂಗಿ ತೊಟ್ಟು ಆಡುತ್ತಿದ್ದರು. ಕ್ವೀನ್ಸ್‌ಲ್ಯಾಂಡ್ ವರ್ಷ ವರ್ಷ ಸೋಲುತ್ತ ಹೋಗಿ, ಪಂದ್ಯ ನೋಡಲು ಜನರೂ ಬಾರದಂತಾದರು.

1980ರ ಜುಲೈ 8ರಂದು ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್ ಮೈದಾನದಲ್ಲಿ ಒಂದು ಪ್ರಯೋಗ ನಡೆಯಿತು. ಆ ವರ್ಷದ ಮೊದಲ ಎರಡು ಪಂದ್ಯಗಳನ್ನು ಹಳೆಯ ನಿಯಮದಂತೆ ಆಡಿಸಿ, ಎರಡನ್ನೂ ನ್ಯೂ ಸೌತ್ ವೇಲ್ಸ್ ಗೆದ್ದ ಮೇಲೆ, ಮೂರನೆಯದರಲ್ಲಿ ಪ್ರತಿಯೊಬ್ಬ ಆಟಗಾರನನ್ನೂ ಅವನ ಮೂಲ ರಾಜ್ಯಕ್ಕೆ ಮರಳಿಸಲಾಯಿತು. ಕ್ವೀನ್ಸ್‌ಲ್ಯಾಂಡಿನ ರೋಮಾ ಪಟ್ಟಣದ ಆರ್ಥರ್ ಬೀಟ್ಸನ್‌ಗೆ ಆಗ 35 ವರ್ಷ. ವೃತ್ತಿಜೀವನದ ಬಹುಪಾಲನ್ನು ಸಿಡ್ನಿಯ ಕ್ಲಬ್‌ಗಳಲ್ಲಿ ಕಳೆದು, ನ್ಯೂ ಸೌತ್ ವೇಲ್ಸ್ ಪರವಾಗಿಯೂ ಆಡಿದ್ದ ಆತ ಅಂದು ಕ್ವೀನ್ಸ್‌ಲ್ಯಾಂಡ್ ನಾಯಕನಾಗಿ ಮೈದಾನಕ್ಕಿಳಿದ. ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು. ಸ್ಟೇಟ್ ಆಫ್ ಒರಿಜಿನ್ ಎಂಬ ಹೆಸರಿನಲ್ಲಿ ಆ ಪಂದ್ಯ 1982ರಿಂದ ಮೂರು ಪಂದ್ಯಗಳ ಸರಣಿಯಾಗಿ ಬೆಳೆದು, ಇಂದು ಆ ದೇಶದ ಅತಿ ಜನಪ್ರಿಯ ಕ್ರೀಡಾಕೂಟಗಳಲ್ಲಿ ಒಂದಾಗಿದೆ. ಬದಲಾದದ್ದು ಒಂದೇ ನಿಯಮ. ಮೈದಾನ ಅದೇ, ಆಟಗಾರರೂ ಅವರೇ.

ಸಿಡ್ನಿಯ ಜಾಗದಲ್ಲಿ ಬೆಂಗಳೂರನ್ನಿಟ್ಟರೆ ಕಥೆ ಕಲ್ಯಾಣ ಕರ್ನಾಟಕದ್ದಾಗುತ್ತದೆ. ಟರ್ಫ್ ವಿಕೆಟ್, ಸಿಂಥೆಟಿಕ್ ಟ್ರ್ಯಾಕ್, ಲೀಗ್ ಕ್ಲಬ್, ಕ್ರೀಡಾ ಕೋಟಾ ಇರುವ ಕಾಲೇಜು, ಗಾಯವಾದರೆ ನೋಡುವ ವೈದ್ಯರು, ಇವೆಲ್ಲ ರಾಜಧಾನಿಯಲ್ಲಿ ಕೂಡಿಬಿದ್ದಿವೆ. ಗಂಗಾವತಿಯ ವೇಗದ ಬೌಲರನೊಬ್ಬ ಹದಿನಾರಕ್ಕೆ ಬೆಂಗಳೂರಿನ ಕಾಲೇಜು ಸೇರಿದರೆ ಅಲ್ಲಿಂದಾಚೆಗೆ ಅವನು ಬೆಂಗಳೂರಿನ ಕ್ಲಬ್ ಆಟಗಾರ. ಅವನು ತೆಗೆದ ವಿಕೆಟ್ಟುಗಳು ಅವನೂರಿನ ಲೆಕ್ಕಕ್ಕೆ ಬರುವುದಿಲ್ಲ. ಊರಲ್ಲಿ ಉಳಿದ ತಂಡ ಇನ್ನಷ್ಟು ಬಡವಾಗುತ್ತದೆ. ತಂಡ ಬಡವಾಗಿದೆ ಎಂಬುದನ್ನೇ ಮುಂದಿಟ್ಟು, ಅಲ್ಲಿ ಪ್ರತಿಭೆ ಇಲ್ಲ ಎನ್ನಲಾಗುತ್ತದೆ.

ಹಿಂದೆಯೂ ಹೀಗೇ ಇತ್ತು. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಅವರು ಮುಂದೆ ಭಾರತಕ್ಕೆ 15 ಟೆಸ್ಟ್ ಆಡಿದರು. ಹುಬ್ಬಳ್ಳಿಯವರೆಗೆ ದಿನಾ ರೈಲು ಹತ್ತಬಲ್ಲ ಸೌಕರ್ಯ ಗದಗಿಗೆ ಆಗಲೇ ಇತ್ತು. ಕುಷ್ಟಗಿಗೆ ಮೊದಲ ಪ್ರಯಾಣಿಕರ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ.

ರಾಯಚೂರಿನಲ್ಲಿ ಹುಟ್ಟಿದ ಯರೇಗೌಡರ ದಾರಿ ಇನ್ನೂ ಬೇರೆ. ಕರ್ನಾಟಕದ ಪರ ರಣಜಿ ಆಟ ಶುರುಮಾಡಿದ ಅವರು, ದ್ರಾವಿಡ್, ಕುಂಬ್ಳೆ, ಶ್ರೀನಾಥರ ಆ ಕಾಲದಲ್ಲಿ, ರೈಲ್ವೇಸ್ ಸೇರಿ ಅಲ್ಲಿನ ಮಧ್ಯಮ ಕ್ರಮಾಂಕದ ಆಧಾರವಾದರು. ರೈಲ್ವೇಸ್ 2001–02ರಲ್ಲಿ ಮತ್ತು 2004–05ರಲ್ಲಿ ರಣಜಿ ಟ್ರೋಫಿ ಗೆದ್ದಾಗ ಅವರು ಆ ತಂಡದಲ್ಲಿದ್ದರು. ಆಮೇಲೆ ಕರ್ನಾಟಕಕ್ಕೆ ಮರಳಿ ನಾಯಕರೂ ಆದರು. ವಿಜಯಪುರದ ರಾಜೇಶ್ವರಿ ಗಾಯಕವಾಡ, ಕಡೂರಿನ ವೇದಾ ಕೃಷ್ಣಮೂರ್ತಿ ಇಬ್ಬರೂ ಕರ್ನಾಟಕದ ಜತೆಗೆ ರೈಲ್ವೇಸ್‌ಗೂ ಆಡಿದವರು. ಸಣ್ಣ ಊರಿನ ಆಟಗಾರರಿಗೆ ನೌಕರಿ ಕೊಟ್ಟ ಸಂಸ್ಥೆಯೇ ರಾಜ್ಯವಾಗುವ ಈ ವ್ಯವಸ್ಥೆಯನ್ನು ಸುಮ್ಮನೆ ಹಳಿಯುವಂತಿಲ್ಲ. ಮಹಿಳಾ ಕ್ರಿಕೆಟ್‌ನಲ್ಲಿ ದುಡ್ಡೇ ಇಲ್ಲದಿದ್ದ ವರ್ಷಗಳಲ್ಲಿ ಆಟಗಾರ್ತಿಯರ ಮನೆಯ ಒಲೆ ಉರಿದದ್ದು ರೈಲ್ವೆ ಸಂಬಳದಿಂದ.

ಬಿಸಿಸಿಐನ ಈಗಿನ ನಿಯಮ ಸಾಕಷ್ಟು ಉದಾರವಾಗಿಯೇ ಇದೆ. ರಾಜ್ಯದಲ್ಲಿ ಹುಟ್ಟಿರಬೇಕು, ಇಲ್ಲವೇ ಕನಿಷ್ಠ ಒಂದು ವರ್ಷ ಅಲ್ಲಿ ವಾಸವಿದ್ದು ಓದುತ್ತಲೋ ದುಡಿಯುತ್ತಲೋ ಇರಬೇಕು. ಇವೆರಡೂ ಇಲ್ಲದಿದ್ದರೆ ತಂಡಕ್ಕೆ ಮೂವರಂತೆ ಹೊರರಾಜ್ಯದ ವೃತ್ತಿಪರರಿಗೆ ಅವಕಾಶವಿದೆ, ಅದಕ್ಕೆ ಮೂಲ ಸಂಸ್ಥೆಯ ಎನ್‌ಒಸಿ ಬೇಕು. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, ಅಲ್ಲಿಂದ ಕೇರಳಕ್ಕೆ ಹೋದದ್ದು, ದಾವಣಗೆರೆಯ ವಿನಯ್ ಕುಮಾರ್ ಪುದುಚೇರಿಗೆ ಹೋದದ್ದು ಇದೇ ಬಾಗಿಲಿನಿಂದ. ಕರುಣ್ ನಾಯರ್ ಅವರದ್ದಂತೂ ಈ ನಿಯಮಗಳ ಪೂರ್ತಿ ಪಾಠ. ಹುಟ್ಟಿದ್ದು ರಾಜಸ್ಥಾನದ ಜೋಧಪುರ, ಮನೆತನ ಕೇರಳದ್ದು, ಬೆಳೆದದ್ದು ಬೆಂಗಳೂರು. 2014–15ರ ರಣಜಿ ಫೈನಲ್‌ನಲ್ಲಿ ಕರ್ನಾಟಕಕ್ಕಾಗಿ 328 ರನ್, 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಕರ್ನಾಟಕ ತಂಡದಲ್ಲಿ ಜಾಗ ತಪ್ಪಿದಾಗ ವಿದರ್ಭ ಕರೆಯಿತು. 2024–25ರ ಫೈನಲ್‌ನಲ್ಲಿ ತನ್ನ ಮನೆತನದ ಕೇರಳದ ಎದುರೇ ಶತಕ ಹೊಡೆದು ವಿದರ್ಭಕ್ಕೆ ಟ್ರೋಫಿ ಗೆಲ್ಲಿಸಿಕೊಟ್ಟರು. ಮರುವರ್ಷ ಮತ್ತೆ ಕರ್ನಾಟಕಕ್ಕೆ ಬಂದರು.

ಕರುಣ್ ಯಾವ ರಾಜ್ಯದವರು ಎಂದು ಕೇಳಿದರೆ ಕನ್ನಡಿಗರು ನಮ್ಮವರೆಂದೇ ಹೇಳುತ್ತಾರೆ, ಅದು ಸರಿಯೂ ಹೌದು. ಇಂದೋರ್‌ನಲ್ಲಿ ಹುಟ್ಟಿದ, ಮರಾಠಿ ಮನೆಮಾತಿನ ರಾಹುಲ್ ದ್ರಾವಿಡ್, ಕೇರಳದ ಎಡಪ್ಪಾಳ್‌ನಲ್ಲಿ ಹುಟ್ಟಿದ ದೇವದತ್ತ ಪಡಿಕ್ಕಲ್, ಕಾಸರಗೋಡಿನ ಕುಂಬಳೆಯ ಹೆಸರನ್ನೇ ಹೊತ್ತ ಬೆಂಗಳೂರಿನ ಅನಿಲ್ ಕುಂಬ್ಳೆ, ಇವರಲ್ಲಿ ಯಾರನ್ನೂ ಹುಟ್ಟಿನ ಅಥವಾ ಮನೆತನದ ಒಂದೇ ಕೋಲಿನಿಂದ ಅಳೆದು ಹೊರಗಿಡುವ ಮಾತೇ ಇಲ್ಲ. ಕರ್ನಾಟಕದ ಕ್ರಿಕೆಟ್ ಕಟ್ಟಿದ್ದೇ ಬಂದವರನ್ನು ತನ್ನವರಾಗಿ ಮಾಡಿಕೊಂಡು.

ಆದ್ದರಿಂದ ಮೂಲಕ್ಕೆ ಬೆಲೆ ಕೊಡಬೇಕು ಎನ್ನುವಾಗ ಎಚ್ಚರವೂ ಬೇಕು. ಈ ಜಿಲ್ಲೆಯಲ್ಲಂತೂ ಇನ್ನೂ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ಕುಟುಂಬಗಳ ಕ್ಯಾಂಪ್‌ಗಳು ಗಂಗಾವತಿ, ಕಾರಟಗಿ ಸುತ್ತ ಎಷ್ಟೋ ಇವೆ. ಅಲ್ಲಿ ಈಗ ಮೂರನೇ ತಲೆಮಾರು ಶಾಲೆಗೆ ಹೋಗುತ್ತಿದೆ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಆ ಕ್ಯಾಂಪಿನ ಹುಡುಗಿ ಕೊಪ್ಪಳ ಜಿಲ್ಲೆಯ ಖೋಖೋ ತಂಡಕ್ಕೆ ಓಡಿದರೆ ಅವಳು ಕೊಪ್ಪಳದವಳೇ. ಅಜ್ಜನ ಊರು ಯಾವುದೆಂದು ಕೇಳುವ ನಿಯಮವಾಗಲಿ, ಮನಸ್ಸಾಗಲಿ ಇಲ್ಲಿ ಸಲ್ಲದು.

ಸ್ಟೇಟ್ ಆಫ್ ಒರಿಜಿನ್‌ನವರಿಗೂ ಇದು ಎಡವಿ ತಿಳಿದ ಸಂಗತಿ. ಮೊದಲು ಅವರು, ಹಿರಿಯರ ಮಟ್ಟದ ಆಟವನ್ನು ಎಲ್ಲಿ ಮೊದಲು ಆಡಿದನೋ ಅದೇ ಅವನ ರಾಜ್ಯ ಎಂದಿದ್ದರು. ನ್ಯೂ ಸೌತ್ ವೇಲ್ಸ್‌ನ ಬೌರಾವಿಲ್ ಎಂಬಲ್ಲಿ ಬೆಳೆದ ಗ್ರೆಗ್ ಇಂಗ್ಲಿಸ್, ಹದಿಹರೆಯದಲ್ಲಿ ಬ್ರಿಸ್ಬೇನ್ ಸೇರಿ ಅಲ್ಲಿ ಆಡಿದ ಕಾರಣಕ್ಕೆ 2006ರಲ್ಲಿ ಕ್ವೀನ್ಸ್‌ಲ್ಯಾಂಡಿನ ಪಾಲಾದರು. ವರ್ಷಗಟ್ಟಲೆ ಅದರ ಮೇಲೆ ಜಗಳ ನಡೆಯಿತು. ಕೊನೆಗೆ 2012ರ ಸುಮಾರಿಗೆ ನಿಯಮ ಬದಲಾಯಿತು: ಹದಿಮೂರು ತುಂಬುವ ಮೊದಲು ಆ ರಾಜ್ಯದಲ್ಲಿ ವಾಸವಿದ್ದಿರಬೇಕು, ಇಲ್ಲವೇ ತಂದೆ ಆ ರಾಜ್ಯಕ್ಕೆ ಒರಿಜಿನ್ ಪಂದ್ಯ ಆಡಿರಬೇಕು. ಹೆರಿಗೆ ಎಲ್ಲಾಯಿತು ಎಂಬುದಕ್ಕಿಂತ ಬಾಲ್ಯ ಎಲ್ಲಿ ಕಳೆಯಿತು ಎಂಬುದಕ್ಕೆ ತೂಕ ಕೊಟ್ಟ ಆ ಬದಲಾವಣೆ ಬಹಳ ತಿಳಿವಳಿಕೆಯದು. ತವರಲ್ಲಿ ಹುಟ್ಟಿ ಅಪ್ಪನೂರಲ್ಲಿ ಬೆಳೆಯುವ ಮಕ್ಕಳಿಗೂ, ಕ್ಯಾಂಪಿನ ಮೂರನೇ ತಲೆಮಾರಿಗೂ ಅದು ಒಂದೇ ಉಸಿರಿನಲ್ಲಿ ನ್ಯಾಯ ಕೊಡುತ್ತದೆ.

ದೇಶದ ತಂಡಗಳ ವಿಷಯ ಬಂದರೆ ಪಾಸ್‌ಪೋರ್ಟು ಅಡ್ಡ ಬರುತ್ತದೆ. ಅಂತರರಾಷ್ಟ್ರೀಯ ರಗ್ಬಿ ಲೀಗ್‌ನಲ್ಲಿ ಅಜ್ಜ ಅಥವಾ ಅಜ್ಜಿ ಹುಟ್ಟಿದ ದೇಶಕ್ಕೂ ಆಡಬಹುದು. ಭಾರತ ಹಾಗಲ್ಲ. ಭಾರತೀಯ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶವನ್ನು ಪ್ರತಿನಿಧಿಸಬೇಕೆಂದು 2008ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಓಸಿಐ ಕಾರ್ಡ್ ಸಾಲದು. ಜಪಾನಿನ ಪೌರತ್ವ ತೊರೆದ ಅರಾಟಾ ಇಜುಮಿ 2013ರಲ್ಲಿ ಭಾರತದ ಫುಟ್‌ಬಾಲ್ ಅಂಗಿ ತೊಟ್ಟರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯದ ಪೌರತ್ವ ಬಿಟ್ಟು ಭಾರತದ್ದನ್ನು ಪಡೆದರು. ಅವರ ತಾಯಿ ಮುಂಬೈನವರು. ಇತ್ತ ಕನ್ನಡದ ಮಕ್ಕಳು ಬೇರೆ ದೇಶಗಳಿಗೆ ಆಡುವುದೂ ನಡೆದಿದೆ. ಬೆಂಗಳೂರು ಮೂಲದ ತಂದೆತಾಯಿಗೆ ವೆಲಿಂಗ್ಟನ್‌ನಲ್ಲಿ ಹುಟ್ಟಿದ ರಚಿನ್ ರವೀಂದ್ರ 2024ರ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಭಾರತದ ವಿರುದ್ಧ 134 ರನ್ ಹೊಡೆದಾಗ ಗ್ಯಾಲರಿಯಲ್ಲಿ ಅವರ ಕುಟುಂಬದವರಿದ್ದರು. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ನಾಸ್ತುಶ್ ಕೆಂಜಿಗೆ ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ, ಬೆಳೆದದ್ದು ಕರ್ನಾಟಕದಲ್ಲಿ. ಹುಟ್ಟಿನ ಹಕ್ಕಿನಿಂದ ಅಮೆರಿಕ ತಂಡ ಸೇರಿ, 2024ರ ಟಿ20 ವಿಶ್ವಕಪ್‌ನಲ್ಲಿ ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿದ ಪಂದ್ಯದಲ್ಲಿ ಮೂರು ವಿಕೆಟ್ ತೆಗೆದರು. ಹುಟ್ಟೂರಿನ ನಿಯಮ ಒಬ್ಬರಿಗೆ ಗೋಡೆಯಾದರೆ ಇನ್ನೊಬ್ಬರಿಗೆ ಬಾಗಿಲಾಗಬಲ್ಲದು.

ಆದರೆ ಇವರೆಲ್ಲ ಆಯ್ಕೆಯಿದ್ದು ಊರು ಬಿಟ್ಟ ಮನೆಗಳವರು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳವರ ಕಥೆ ಬೇರೆ. ಮಳೆ ಕೈಕೊಟ್ಟ ವರ್ಷ ಸುಗ್ಗಿಯೂ ಇಲ್ಲ, ಕೂಲಿಯೂ ಇಲ್ಲ. ಮನೆಗೆ ಬೀಗ ಹಾಕಿ, ಜೋಳದ ಹಿಟ್ಟಿನ ಚೀಲ, ಪಾತ್ರೆ, ಹಾಸಿಗೆ ಕಟ್ಟಿಕೊಂಡು ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಗುಳೆ ಹೊರಡುತ್ತಾರೆ. ದೊಡ್ಡ ಮಕ್ಕಳನ್ನು ಅಜ್ಜ-ಅಜ್ಜಿಯ ಬಳಿ ಬಿಡುವುದುಂಟು, ಬಿಡಲು ಯಾರೂ ಇಲ್ಲದಿದ್ದರೆ ಜತೆಗೇ ಒಯ್ಯುವುದುಂಟು. ಅಂಥ ಮಗುವಿನ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ, ಮಗು ಮಾತ್ರ ಕಟ್ಟಡ ಏಳುತ್ತಿರುವ ಜಾಗದ ತಗಡಿನ ಶೆಡ್ಡಿನಲ್ಲಿರುತ್ತದೆ. ತಾಲ್ಲೂಕು ಮಟ್ಟದ ಕೂಟ ನಡೆಯುವ ದಿನ ಅದು ಊರಲ್ಲಿಲ್ಲ. ಇರುವ ಊರಿನಲ್ಲಿ ಅದಕ್ಕೆ ಟಿಸಿ ಇಲ್ಲ. ಎರಡೂ ಕಡೆ ಅದು ಆಡುವಂತಿಲ್ಲ.

ಒಂದು ವರ್ಷ ಎಡೆಬಿಡದ ವಾಸ ಎಂಬ ಶರತ್ತು ಸಂಬಳದಾರನ ಮಗನಿಗೆ ಏನೂ ಅಲ್ಲ. ವರ್ಗವಾದರೆ ಸರ್ಕಾರಿ ಆದೇಶವೇ ಸಾಕ್ಷಿ. ಗುಳೆ ಹೋದವನ ಮಗನ ಕೈಯಲ್ಲಿ ಬಾಡಿಗೆ ಕರಾರೂ ಇರುವುದಿಲ್ಲ, ವಿದ್ಯುತ್ ಬಿಲ್ಲೂ ಇರುವುದಿಲ್ಲ. ಕ್ರಿಕೆಟ್‌ನಲ್ಲಾದರೆ ಇದರ ಮೇಲೆ ವಯಸ್ಸಿನ ಪರೀಕ್ಷೆ: ಕ್ಯೂಆರ್ ಕೋಡ್ ಇರುವ ಜನನ ಪ್ರಮಾಣಪತ್ರ, ಹಿಂದಿನ ತರಗತಿಗಳ ಅಂಕಪಟ್ಟಿ, ಕಿರಿಯರಿಗೆ ಮಣಿಕಟ್ಟಿನ ಎಕ್ಸ್‌ರೇ. ವಯಸ್ಸು ಮುಚ್ಚಿಡುವವರನ್ನು ತಡೆಯಲು ಇವು ಬೇಕೇ ಬೇಕು. ಆದರೆ ಆಧಾರ್‌ನಲ್ಲಿ ಒಂದು ಹೆಸರು, ಶಾಲಾ ದಾಖಲಾತಿಯಲ್ಲಿ ಇನ್ನೊಂದು, ಜನನ ನೋಂದಣಿಯಲ್ಲಿ ಬರೀ ‘ಗಂಡು ಮಗು’ ಎಂದಿರುವ ಕಾಗದಗಳನ್ನು ಹಿಡಿದು ಸರಿಪಡಿಸಲು ಕಚೇರಿಯಿಂದ ಕಚೇರಿಗೆ ಅಲೆಯುವ ದಿನಗೂಲಿ ತಂದೆ, ಪ್ರತಿ ಅಲೆದಾಟಕ್ಕೂ ಒಂದು ದಿನದ ಪಗಾರ ಕಳೆದುಕೊಳ್ಳುತ್ತಾನೆ. ಎರಡನೇ ಸಲ ಅವನು ಬರುವುದಿಲ್ಲ. ಹುಡುಗ ಆಟ ಬಿಡುತ್ತಾನೆ.

ಇದಕ್ಕೆ ಪರಿಹಾರ ಹುಡುಕಲು ಆಸ್ಟ್ರೇಲಿಯದವರೆಗೂ ಹೋಗಬೇಕಿಲ್ಲ. ಸ್ಥಳೀಯರೆಂದರೆ ಯಾರು ಎಂಬ ಪ್ರಶ್ನೆಗೆ ಕೊಪ್ಪಳದ ಮನೆಮನೆಯಲ್ಲೂ ಈಗಾಗಲೇ ಒಂದು ಉತ್ತರವಿದೆ. ಸಂವಿಧಾನದ 371(ಜೆ) ವಿಧಿ ಜಾರಿಯಾದ 2013ರಿಂದ ಕಲ್ಯಾಣ ಕರ್ನಾಟಕದವರು ನೌಕರಿಗೂ ಕಾಲೇಜು ಸೀಟಿಗೂ ಸ್ಥಳೀಯತೆಯ ಅರ್ಹತಾ ಪ್ರಮಾಣಪತ್ರ ಪಡೆಯುತ್ತಿದ್ದಾರೆ. ಅದರಲ್ಲಿ ಹುಟ್ಟೂ ಲೆಕ್ಕಕ್ಕಿದೆ, ದೀರ್ಘ ವಾಸವೂ ಲೆಕ್ಕಕ್ಕಿದೆ. ಬೆಂಗಳೂರಿನಲ್ಲಿ ಓದುತ್ತಿದ್ದಾನೆ ಎಂಬ ಕಾರಣಕ್ಕೆ ಯಲಬುರ್ಗಾದ ಹುಡುಗನ 371(ಜೆ) ಹಕ್ಕು ರದ್ದಾಗುವುದಿಲ್ಲ. ಎಂಜಿನಿಯರಿಂಗ್ ಸೀಟಿಗೆ ಕೊಪ್ಪಳದವನಾಗಿರುವ ಅದೇ ಹುಡುಗ, ಬೆಂಗಳೂರಿನ ಕಾಲೇಜು ಸೇರಿದ ಮಾತ್ರಕ್ಕೆ ಕಬಡ್ಡಿ ಅಂಗಣದಲ್ಲಿ ಕೊಪ್ಪಳದವನಾಗಿ ಉಳಿಯುವುದಿಲ್ಲ ಎಂದರೆ ಅದನ್ನು ಯಾವ ತರ್ಕವೂ ಒಪ್ಪುವುದಿಲ್ಲ.

ಕ್ರಿಕೆಟ್ ಸಂಸ್ಥೆಗೂ ಈ ಆಲೋಚನೆ ಹೊಸದಲ್ಲ. ಮಹಾರಾಜ ಟ್ರೋಫಿ ಟಿ20ಯಲ್ಲಿ ಪ್ರತಿ ತಂಡವೂ ತನ್ನ ವಲಯದ ಆಟಗಾರರಿಗೆ ಜಾಗ ಇಡಬೇಕೆಂಬ ನಿಯಮ ಉಂಟು. ಉದ್ದೇಶ ಒಳ್ಳೆಯದು, ಪ್ರಮಾಣ ಸಣ್ಣದು. 2022ರಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಬೆಂಗಳೂರು ತಂಡವನ್ನು ಸೋಲಿಸಿ ಟ್ರೋಫಿ ಎತ್ತಿತು. ನಾಯಕರಾಗಿದ್ದವರು ಮನೀಶ್ ಪಾಂಡೆ, ಸೊಗಸಾದ ಆಟಗಾರ, ಹುಟ್ಟಿದ್ದು ನೈನಿತಾಲ್‌ನಲ್ಲಿ, ಆಟ ಬೆಳೆದದ್ದು ಬೆಂಗಳೂರಿನಲ್ಲಿ. ಲೀಗ್ ಪಂದ್ಯಾವಳಿಯಲ್ಲಿ ಹಾಗಿರುವುದು ತಪ್ಪಲ್ಲ. ದುಡ್ಡು ಹಾಕಿದವರು ಒಳ್ಳೆಯ ಆಟಗಾರರನ್ನೇ ಕೊಳ್ಳುತ್ತಾರೆ. ಆದರೆ ಕಲಬುರಗಿಯ ಹೆಸರು ಹೊತ್ತ ತಂಡ ಗೆದ್ದ ಆ ರಾತ್ರಿ, ರಾಯಚೂರು ವಲಯದ ಎಷ್ಟು ಹುಡುಗರು ಬೌಂಡರಿಯ ಒಳಗಿದ್ದರು ಎಂದು ಸಂಸ್ಥೆ ತನ್ನನ್ನೇ ಕೇಳಿಕೊಳ್ಳಬೇಕಿತ್ತು.

ಲೀಗ್ ಲೀಗಾಗಿಯೇ ಇರಲಿ. ಅದರ ಪಕ್ಕದಲ್ಲಿ, ವರ್ಷಕ್ಕೊಂದು ಸಲ, ಪ್ರತಿಯೊಬ್ಬನೂ ಬಾಲ್ಯ ಕಳೆದ ವಲಯಕ್ಕೆ ಮರಳಿ ಆಡುವ ಪಂದ್ಯಾವಳಿಯೊಂದನ್ನು ಸಂಸ್ಥೆ ನಡೆಸಬಹುದು. ಬೆಂಗಳೂರಿನ ಕ್ಲಬ್‌ಗಳಲ್ಲಿ ಆಡುತ್ತಿರುವ ರಾಯಚೂರು, ಬಳ್ಳಾರಿ, ಬೀದರ್, ಕೊಪ್ಪಳದ ಆಟಗಾರರೆಲ್ಲ ಒಂದು ವಾರ ರಾಯಚೂರು ವಲಯದ ಅಂಗಿ ತೊಡಲಿ. ಪಂದ್ಯಗಳು ಚಿನ್ನಸ್ವಾಮಿಯಲ್ಲಲ್ಲ, ಆಯಾ ವಲಯದ ಮೈದಾನಗಳಲ್ಲೇ ನಡೆಯಲಿ. ರಣಜಿ ಆಡಿದವನ ಜತೆ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತ ಕುಷ್ಟಗಿಯ ಹದಿನೇಳರ ಹುಡುಗ ಅಲ್ಲಿ ಕಲಿಯುವುದನ್ನು ಯಾವ ತರಬೇತಿ ಶಿಬಿರವೂ ಕಲಿಸಲಾರದು. ಇದಕ್ಕೆ ಬಿಸಿಸಿಐನ ಅಪ್ಪಣೆ ಬೇಕಿಲ್ಲ, ರಾಜ್ಯ ಸಂಸ್ಥೆಯ ವ್ಯವಸ್ಥಾಪಕ ಸಮಿತಿಯ ಒಂದು ಠರಾವು ಸಾಕು.

ಶಾಲಾ ಕ್ರೀಡೆಯ ನಿಯಮ ಸರ್ಕಾರದ ಕೈಯಲ್ಲಿದೆ. ಅಲ್ಲಿ ಮಗು ಓದುವ ಶಾಲೆ ಯಾವ ಜಿಲ್ಲೆಯಲ್ಲಿದೆಯೋ ಅದೇ ಮಗುವಿನ ಜಿಲ್ಲೆ. ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾಗಿ ಬೇರೆ ಜಿಲ್ಲೆ ಸೇರಿದ ಮಕ್ಕಳಿಗೆ ಇದರಿಂದ ಊರು ಕೈತಪ್ಪುತ್ತದೆ. ಕಪ್ಪಿಗಾಗಿ ಕಂಡಕಂಡಲ್ಲಿಂದ ಆಟಗಾರರನ್ನು ದಾಖಲು ಮಾಡಿಕೊಳ್ಳುವ ಶಾಲೆಗಳಿಗೆ ಲಾಭವಾಗುತ್ತದೆ. ಏಳನೇ ತರಗತಿಯ ಹೊತ್ತಿಗೆ ಪ್ರತಿ ಮಗುವೂ ತಾನು ಬೆಳೆದ ಜಿಲ್ಲೆಯನ್ನು ಒಮ್ಮೆ ಘೋಷಿಸಿ, ಮುಂದೆ ಎಲ್ಲೇ ಓದಿದರೂ ಆ ಜಿಲ್ಲೆಗೆ ಆಡುವ ಹಕ್ಕು ಉಳಿಸಿಕೊಳ್ಳುವಂತಾಗಬೇಕು. ವಿದ್ಯಾರ್ಥಿಗಳ ವಿವರವೆಲ್ಲ ಈಗ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿದೆ, ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಅದರಲ್ಲೊಂದು ಕಾಲಂ ಸೇರಿಸಿದರೆ ಮುಗಿಯಿತು. ತಂದೆ ಯಾವ ಕಚೇರಿಗೂ ಅಲೆಯಬೇಕಿಲ್ಲ. ಗುಳೆ ಹೋದ ತಿಂಗಳುಗಳನ್ನು ಗೈರುಹಾಜರಿ ಎಂದೆಣಿಸದೆ, ಮಗು ಆಗ ಇರುವ ತಾಲ್ಲೂಕಿನ ಕೂಟದಲ್ಲೇ ಅದೇ ಸಂಖ್ಯೆಯ ಮೇಲೆ ಅರ್ಹತಾ ಸುತ್ತು ಆಡಲು ಬಿಡಬೇಕು. ಮಂಗಳೂರಿನಲ್ಲಿ ಓಡಿದ ನೂರು ಮೀಟರಿನ ಸಮಯ ಕೊಪ್ಪಳ ಜಿಲ್ಲೆಯ ಆಯ್ಕೆ ಪಟ್ಟಿಗೆ ಬರುವುದಕ್ಕೆ ಯಾವ ತಾಂತ್ರಿಕ ತೊಡಕೂ ಇಲ್ಲ.

ಬೇರೆ ರಾಜ್ಯಕ್ಕೆ ಹೋದವರದ್ದಷ್ಟೇ ಕಷ್ಟ. ಗೋವಾದಲ್ಲಿ ಶಾಲೆ ಸೇರಿದ ಯಲಬುರ್ಗಾದ ಮಗು ಅಲ್ಲಿನ ಸರ್ಕಾರದ ನಿಯಮಕ್ಕೆ ಒಳಪಡುತ್ತದೆ, ಗೋವಾ ತಂಡಕ್ಕೆ ಆಡಬೇಕೆಂದರೆ ಅದು ಆ ಮಗುವಿನ ಹಕ್ಕೇ. ಆದರೆ ಮರಳಿ ಬಂದಾಗ ಮತ್ತೊಂದು ವರ್ಷ ಕಾಯಿಸುವ ಬದಲು, ಮೊದಲು ಘೋಷಿಸಿದ ಜಿಲ್ಲೆಯ ತಂಡಕ್ಕೆ ಆ ಋತುವಿನಲ್ಲೇ ಸೇರಿಸಿಕೊಳ್ಳುವ ತೀರ್ಮಾನವನ್ನು ಕರ್ನಾಟಕ ತಾನಾಗಿಯೇ ಕೈಗೊಳ್ಳಬಹುದು. ತಾಲ್ಲೂಕು ಮಟ್ಟದ ಶಾಲಾ ಕೂಟಗಳ ಸುತ್ತೋಲೆ ಶಾಲೆಗಳು ತೆರೆದ ಮೇಲೆ ಹೊರಡುತ್ತದೆ. ಈ ಬದಲಾವಣೆಗಳು ಮುಂದಿನ ಸುತ್ತೋಲೆಯಲ್ಲಿ ಬರಬೇಕೆಂದರೆ ಇಲಾಖೆ ಕೆಲಸವನ್ನು ಬೇಸಿಗೆ ರಜೆಯಲ್ಲೇ ಆರಂಭಿಸಬೇಕು, ಅದಕ್ಕಾಗಿ ಜಿಲ್ಲೆಯ ಶಾಸಕರು ಬಜೆಟ್ ಅಧಿವೇಶನದಲ್ಲೇ ಸಚಿವರನ್ನು ಕೇಳಬೇಕು.